ವಾಸಿಯಾದವರ ಲೆಕ್ಕ

ನಿದ್ದೆ ಬಂತು ಎಂದು ಯಾಕೆ ಹೇಳಿದೆ ಎಂಬ ಯೋಚನೆಯಲ್ಲೇ ಏಡ್ರಿಯನ್ ಹೆಸ್ಲಪ್ ಬಸ್ಸಿನಿಂದ ಇಳಿಯಬೇಕಾದ ನಿಲ್ದಾಣ ಬಿಟ್ಟು ಮುಂದಿನದರಲ್ಲಿ ಇಳಿದ.

ಬೆಳಗ್ಗೆ ಹೆಂಡತಿ ಹಿಲರಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ತಲೆ ಎತ್ತದೆ, ನಿದ್ದೆ ಬಂತಾ ಎಂದು ಕೇಳಿದ್ದಳು. ಬಂತು ಎಂದಿದ್ದ. ಬಂದಿರಲಿಲ್ಲ. ಎಷ್ಟೋ ತಿಂಗಳಿಂದ ಸರಿಯಾಗಿ ಬಂದಿಲ್ಲ. ಇನ್ನೂ ಕತ್ತಲಿರುವಾಗಲೇ ಎಚ್ಚರವಾಗುತ್ತದೆ. ಆಮೇಲೆ ಎದೆಯ ಮೇಲೆ ಯಾರೋ ಒದ್ದೆ ಕಂಬಳಿ ಹಾಸಿ ಹೋದ ಹಾಗೆ, ಬೆಳಕು ಹರಿಯುವ ತನಕ ಅಲ್ಲಾಡದೆ ಮಲಗಿರುತ್ತಾನೆ. ಪಕ್ಕದಲ್ಲಿ ಹಿಲರಿಯೂ ಅಲ್ಲಾಡುವುದಿಲ್ಲ. ಅವಳಿಗೂ ಎಚ್ಚರವಿರುತ್ತದೋ ಏನೋ. ಕೇಳಿಲ್ಲ. ಮದುವೆಯಾದಂದಿನಿಂದ ಅವಳು ಅದನ್ನೇ ಕೇಳುತ್ತಾಳೆ, ಅವನು ಅದನ್ನೇ ಹೇಳುತ್ತಾನೆ. ಕದ ಹಾಕುವ ಸದ್ದಿನ ಹಾಗೆ ಅದೂ ಮನೆಯ ಸದ್ದುಗಳಲ್ಲಿ ಒಂದಾಗಿಬಿಟ್ಟಿದೆ.

ಈಗ ಕಡಲ ದಂಡೆಯ ರಸ್ತೆಯಲ್ಲಿ ಹಿಂದಕ್ಕೆ ನಡೆಯಬೇಕಾಯಿತು. ಇಂಗ್ಲೆಂಡಿನ ಈ ಉತ್ತರದ ಕರಾವಳಿಯಲ್ಲಿ ಮಾರ್ಚ್ ತಿಂಗಳೆಂದರೆ ಚಳಿಗಾಲದ ಖಾಸಾ ತಮ್ಮ. ಹಡಗು ಕಟ್ಟುವ ಕಾರ್ಖಾನೆ ಮುಚ್ಚಿದ ಮೇಲೆ ಊರಿನಲ್ಲಿ ಬಿಡುವಿಲ್ಲದ ಉದ್ಯೋಗ ಇರುವುದು ಗಾಳಿಗೊಂದಕ್ಕೇ ಎಂದು ಇಲ್ಲಿನವರು ಹೇಳಿಕೊಂಡು ನಗುತ್ತಾರೆ. ಹೆಸ್ಲಪ್ ಕೋಟಿನ ಕಾಲರನ್ನು ಎತ್ತಿ ಹಿಡಿದುಕೊಂಡು ನಡೆದ.

ಅವನ ಕೆಲಸ ಹೇಳಲು ಸುಲಭ. ಮನಸ್ಸು ಕುಗ್ಗಿದವರಿಗೆ ಸರ್ಕಾರ ತನ್ನ ಖರ್ಚಿನಲ್ಲಿ ಮಾತಿನ ಚಿಕಿತ್ಸೆ ಕೊಡಿಸುತ್ತದೆ. ಆ ಹಣ ಸಾರ್ಥಕವಾಗಿದೆಯೇ ಎಂದು ನೋಡಲು ಹೆಸ್ಲಪ್ ಊರೂರಿಗೆ ಹೋಗುತ್ತಾನೆ. ವಾಸಿಯಾದವರನ್ನು ಕಂಡು, ನೀವು ವಾಸಿಯಾದದ್ದು ಹೌದೇ ಎಂದು ಕೇಳಿ ಬರುತ್ತಾನೆ. ಕೇಳುವಾಗ ಮುಖದಲ್ಲಿ ಏನೂ ಇರಬಾರದು. ಹುಬ್ಬು ಏರಬಾರದು, ತಲೆ ಆಡಬಾರದು. ಈ ವಿದ್ಯೆಯನ್ನು ಅವನು ಚೆನ್ನಾಗಿ ಕಲಿತಿದ್ದಾನೆ. ಈಚೆಗೆ ಅದನ್ನು ಮನೆಗೆ ಹೋದ ಮೇಲೂ ಕಳಚಿಡಲು ಆಗುತ್ತಿಲ್ಲ.

ಚಿಕಿತ್ಸೆಯ ಕೇಂದ್ರ ಇದ್ದದ್ದು ಒಂದು ಮಹಡಿಯ ಮೇಲೆ. ಕಾರ್ಖಾನೆಯ ಸೈರನ್ ಕೂಗಿದರೆ ಊರೇ ಎದ್ದು ಕೂರುತ್ತಿದ್ದ ಕಾಲದಲ್ಲಿ ಅಲ್ಲಿ ಕೆಲಸಗಾರರ ಬೂಟು ಮಾರುತ್ತಿದ್ದರು. ಕೆಳಗೆ ಈಗ ಉಗುರಿಗೆ ಬಣ್ಣ ಹಚ್ಚುವ ಅಂಗಡಿ. ಮೆಟ್ಟಿಲ ತುಂಬ ಆ ಬಣ್ಣದ ವಾಸನೆ.

ರೋವನ್ ಚಾರ್ಲ್‌ಟನ್ ಅವನಿಗಾಗಿ ಕಾದಿದ್ದ. ಓದು ಮುಗಿಸಿ ಹೆಚ್ಚು ದಿನವಾಗಿರದ ಹುಡುಗ. ಇಡೀ ಊರಿನ ದುಃಖ ಕೇಳಲು ಅವನೊಬ್ಬನೇ. ಕಿಟಕಿಯಲ್ಲಿ ಗಿಡ ಇಟ್ಟಿದ್ದ, ಎರಡು ಕುರ್ಚಿಗಳನ್ನು ಎದುರುಬದುರಾಗಿ ಇಡದೆ ಸ್ವಲ್ಪ ಓರೆಯಾಗಿ ಇಟ್ಟಿದ್ದ. ನೇರ ನೋಡಿದರೆ ಜನ ಮಾತಾಡುವುದಿಲ್ಲ ಎಂದು ವಿವರಿಸಿದ. ಹೆಸ್ಲಪ್ ತಲೆ ಆಡಿಸಲಿಲ್ಲ.

ನಿಯಮ ಇಬ್ಬರಿಗೂ ಗೊತ್ತಿತ್ತು. ಬಂದವರಲ್ಲಿ ಅರ್ಧದಷ್ಟು ಜನರಾದರೂ ವಾಸಿಯಾಗಬೇಕು. ಪ್ರತಿ ಸಲ ಮಾತಿಗೆ ಮುಂಚೆ ಅವರು ಕೆಲವು ಪ್ರಶ್ನೆಗಳಿಗೆ ಗುರುತು ಹಾಕುತ್ತಾರೆ: ನಿದ್ದೆ, ಹಸಿವು, ಬದುಕಿನ ಬೇಸರ ಇಂಥವು. ಕಷ್ಟ ಹೆಚ್ಚಿದಷ್ಟೂ ಅಂಕ ಹೆಚ್ಚು. ಒಟ್ಟು ಅಂಕ ಒಂದು ಗೆರೆಗಿಂತ ಕೆಳಗೆ ಇಳಿದರೆ ವಾಸಿ. ಅರ್ಧದಷ್ಟು ಜನ ಇಳಿದರೆ ಮುಂದಿನ ವರ್ಷಕ್ಕೂ ಹಣ. ಇಳಿಯದಿದ್ದರೆ ಕೇಂದ್ರವನ್ನು ದೊಡ್ಡ ಊರಿಗೆ ಸೇರಿಸುತ್ತಾರೆ. ಅಲ್ಲಿಗೆ ಎರಡು ಬಸ್ಸು ಬದಲಿಸಬೇಕು. ಮನಸ್ಸು ಕುಗ್ಗಿದವರು ಎರಡು ಬಸ್ಸು ಬದಲಿಸುವುದಿಲ್ಲ.

ರೋವನ್‌ನ ಲೆಕ್ಕ ಅರ್ಧಕ್ಕೆ ಸರಿಯಾಗಿ ನಿಂತಿತ್ತು. ಒಬ್ಬರು ಕಮ್ಮಿಯಾದರೂ ಕೆಳಗೆ.

ವಾಸಿಯಾದವರಲ್ಲಿ ಇಬ್ಬರ ಜೊತೆ ಹೆಸ್ಲಪ್ ಫೋನಿನಲ್ಲಿ ಮಾತಾಡಿದ. ಇಬ್ಬರೂ ಪರವಾಗಿಲ್ಲ ಎಂದರು. ಮೂರನೆಯಾಕೆ ಮಿಸೆಸ್ ಮೊರೀನ್ ಸ್ಟೋಬ್ಸ್, ಮನೆಗೇ ಬರಬೇಕು ಎಂದು ಹೇಳಿ ಕಳಿಸಿದ್ದಳು. ಆ ಹೆಸರು ಬಂದಾಗ ರೋವನ್‌ನ ಮುಖ ಬೆಳಗಿತು. ಮೊದಲ ದಿನ ಆಕೆ ಈ ಕುರ್ಚಿಯಲ್ಲಿ ಕೋಟು ಕೂಡ ಬಿಚ್ಚದೆ ಕೂತಿದ್ದಳಂತೆ. ಕೊನೆಯ ದಿನ ಅಂಕ ಸೊನ್ನೆ.

"ಸೊನ್ನೆ?" ಎಂದ ಹೆಸ್ಲಪ್.

"ಸೊನ್ನೆ. ನನಗೂ ನಂಬೋಕಾಗಲಿಲ್ಲ, ಏಡ್ರಿಯನ್. ಕೆಲಸ ಬಿಟ್ಟುಬಿಡೋಣ ಅನ್ನಿಸಿದಾಗೆಲ್ಲ ಮೊರೀನ್ ಅವರನ್ನ ನೆನೆಸ್ಕೋತೀನಿ."

"ಬಿಟ್ಟುಬಿಡೋಣ ಅನ್ನಿಸುತ್ತಾ?"

"ಇಲ್ಲ ಇಲ್ಲ. ಚೆನ್ನಾಗಿದೆ. ಸ್ವಲ್ಪ ಸುಸ್ತು, ಅಷ್ಟೆ."

ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಹೆಸ್ಲಪ್ ಅದನ್ನು ನೋಡಿದ, ನೋಡಲಿಲ್ಲ ಎನ್ನುವ ಹಾಗೆ ಕೈಚೀಲ ಎತ್ತಿಕೊಂಡ.

ಮೊರೀನ್ ಸ್ಟೋಬ್ಸಳ ಮನೆ ಇದ್ದದ್ದು ಇಟ್ಟಿಗೆಯ ಒಂದೇ ಸಾಲು ಮನೆಗಳ ಬೀದಿಯಲ್ಲಿ. ಎಪ್ಪತ್ತು ದಾಟಿದ ಹೆಂಗಸು. ಬಾಗಿಲು ತಟ್ಟುವ ಮುಂಚೆಯೇ ತೆಗೆದಳು. ಕೂದಲು ಬಾಚಿ, ತುಟಿಗೆ ಬಣ್ಣ ಹಚ್ಚಿ, ಮುತ್ತಿನ ಓಲೆ ಹಾಕಿ ನಿಂತಿದ್ದಳು. ವಾಸಿಯಾದವಳ ಹಾಗೆಯೇ ಕಾಣುತ್ತಿದ್ದಳು.

"ಬಾ ಕಂದ, ಒಳಗೆ ಬಾ. ಗಾಳಿ ನಿನ್ನ ಅರ್ಧ ತಿಂದುಬಿಟ್ಟಿದೆ."

ಐವತ್ತು ದಾಟಿದ ಹೆಸ್ಲಪ್‌ನನ್ನು ಕಂದ ಎಂದು ಯಾರೂ ಕರೆದು ಬಹಳ ಕಾಲವಾಗಿತ್ತು. ಈ ಊರಲ್ಲಿ ಬಸ್ಸಿನ ಡ್ರೈವರನ್ನೂ ಹಾಗೇ ಕರೆಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಆಕೆ ತೋರಿಸಿದ ಕುರ್ಚಿಯಲ್ಲಿ ಕೋಟು ಬಿಚ್ಚುವುದನ್ನು ಮರೆತು ಕೂತ.

ಚಹಾ ಬಂತು, ಬಿಸ್ಕತ್ತು ಬಂತು. ಹೆಸ್ಲಪ್ ಮುಖ ಖಾಲಿ ಮಾಡಿಕೊಂಡು ಕೇಳತೊಡಗಿದ. ಚಿಕಿತ್ಸೆ ಹೇಗಿತ್ತು? ತುಂಬಾ ಚೆನ್ನಾಗಿತ್ತು. ಸುಲಭವಾಗಿ ಸಿಕ್ಕಿತೇ? ಕಾಯಬೇಕಾಯಿತು, ಆದರೆ ಎಲ್ಲರೂ ಕಾಯುತ್ತಾರಲ್ಲ. ಈಗ ಹೇಗಿದ್ದೀರಿ? ದೂರುವ ಹಾಗೇನಿಲ್ಲ. ಪ್ರತಿ ಉತ್ತರಕ್ಕೂ ಮುಂಚೆ ಆಕೆ ಅವನ ಮುಖವನ್ನು ಓದಲು ನೋಡುತ್ತಿದ್ದಳು. ಅಲ್ಲಿ ಏನೂ ಸಿಗದೆ ಬಿಸ್ಕತ್ತಿನ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಿದ್ದಳು. ಕೊನೆಗೆ ಸಾಕಾಯಿತೋ ಏನೋ, ತಟ್ಟೆಯನ್ನು ಪಕ್ಕಕ್ಕಿಟ್ಟಳು.

"ನಾನು ಬರೆದದ್ದನ್ನ ಹಿಂದಕ್ಕೆ ತಗೋಬಹುದಾ?" ಎಂದು ಕೇಳಿದಳು.

ಹೆಸ್ಲಪ್‌ಗೆ ತಿಳಿಯಲಿಲ್ಲ. ಆಕೆ ಬಿಡಿಸಿ ಹೇಳಿದಳು. ಮೊದಮೊದಲು ನಿಜವನ್ನೇ ಬರೆದಿದ್ದಳಂತೆ. ನಿದ್ದೆ ಇಲ್ಲದ ದಿನ ಎಷ್ಟು ಎಂದರೆ ದಿನಾಲೂ. ಬೇಸರ? ದಿನಾಲೂ. ಅದನ್ನು ಓದುವಾಗ ಆ ಹುಡುಗನ ಮುಖ ಸಪ್ಪಗಾಗುತ್ತಿತ್ತು. ಪಾಪ, ಎಷ್ಟು ಕಷ್ಟಪಡುತ್ತಿದ್ದ. ಹಾಗೆ ಉಸಿರಾಡಿ, ಹೀಗೆ ನಡೆದು ಬನ್ನಿ, ಇದನ್ನು ಬರೆದುಕೊಂಡು ನೋಡಿ. ಒಂದು ವಾರ ಆಕೆ ಸುಮ್ಮನೆ ಒಂದು ಕಡೆ ಕೆಲವು ದಿನ ಎಂದು ಗುರುತು ಹಾಕಿದಳು. ಅವನ ಮುಖ ಅರಳಿತು. ಮುಂದಿನ ವಾರ ಇನ್ನೆರಡು ಕಡೆ ಹಾಕಿದಳು. ಊಟಕ್ಕೆ ಕರೆದವರ ಮನೆಯಲ್ಲಿ ಸಾರು ಉಪ್ಪಾಗಿದೆ ಎಂದು ಯಾರಾದರೂ ಹೇಳುತ್ತಾರೆಯೇ?

"ಕೊನೆಗೆ ಕ್ರಿಸ್‌ಮಸ್ ಬಂತು. ಎಲ್ಲರಿಗೂ ಏನಾದರೂ ಕೊಡ್ತೀನಿ. ಅವನಿಗೆ ಕಾಲುಚೀಲ ಹೆಣೆದಿದ್ದೆ. ತಗೊಳ್ಳೋ ಹಾಗಿಲ್ಲ, ನಿಯಮ ಅಂದ. ಕೆಂಪಗಾಗಿಬಿಟ್ಟ, ಪಾಪ. ಸರಿ, ಇದಾದರೂ ಕೊಡೋಣ ಅಂತ ಎಲ್ಲಕ್ಕೂ ಒಂದೂ ದಿನ ಇಲ್ಲ ಅಂತ ಹಾಕಿಬಿಟ್ಟೆ."

"ಎಲ್ಲಕ್ಕೂ."

"ಎಲ್ಲಕ್ಕೂ ಕಣಪ್ಪ. ಕೈ ಹಿಡಿದುಕೊಂಡು, ಮೊರೀನ್, ನೀವು ವಾಸಿಯಾದಿರಿ, ಇನ್ನು ಬರಬೇಕಾಗಿಲ್ಲ ಅಂದ. ಕಣ್ಣಲ್ಲಿ ನೀರಿತ್ತು ಅವನಿಗೆ." ಆಕೆ ಓಲೆಯನ್ನು ಮುಟ್ಟಿ ನೋಡಿಕೊಂಡಳು. "ವಾಸಿಯಾದರೆ ಬಿಟ್ಟುಬಿಡ್ತಾರೆ ಅಂತ ನಂಗೆ ಗೊತ್ತಿರಲಿಲ್ಲ."

ಹೊರಗೆ ಯಾರದೋ ಕಸದ ಡಬ್ಬಿಯನ್ನು ಗಾಳಿ ಬೀದಿಯುದ್ದಕ್ಕೂ ಎಳೆದುಕೊಂಡು ಹೋಯಿತು.

ಹೆಸ್ಲಪ್ ನಗಬಹುದಿತ್ತು. ಇಪ್ಪತ್ತು ವರ್ಷ ಎಷ್ಟೋ ಊರುಗಳ ಅಂಕಗಳನ್ನು ಕೂಡಿಸಿ, ಕಳೆದು, ಏರುವ ಗೆರೆ ಇಳಿಯುವ ಗೆರೆ ಎಳೆದು ಮಂತ್ರಿಗಳ ಮುಂದೆ ಇಟ್ಟವನು ಅವನು. ಆ ಗೆರೆಗಳಲ್ಲಿ ರೋಗ ಎಷ್ಟು, ಮರ್ಯಾದೆ ಎಷ್ಟು? ಎಷ್ಟು ಜನ ಎದುರಿಗೆ ಕೂತ ಹುಡುಗನ ಮನಸ್ಸು ನೋಯಬಾರದೆಂದು ವಾಸಿಯಾಗಿದ್ದಾರೆ?

ಮತ್ತೆ ಹೋಗಬೇಕು ಅನ್ನಿಸಿದ್ದು ಯಾಕೆ ಎಂದು ಕೇಳಿದ. ಇದು ಅವನ ಪ್ರಶ್ನೆಗಳಲ್ಲಿ ಇರಲಿಲ್ಲ.

ಆಕೆ ಚಹಾದ ಪಾತ್ರೆಗೆ ಹೊದಿಸಿದ ಉಣ್ಣೆಯ ಟೋಪಿಯನ್ನು ಸರಿಮಾಡಿದಳು. ಅವಳ ಗಂಡ ವಿಲ್ಫ್‌ಗೆ ಮರೆವಿನ ರೋಗ. ಬೆಟ್ಟದ ಮೇಲಿನ ವೃದ್ಧಾಶ್ರಮದಲ್ಲಿ ಇದ್ದಾನೆ. ಅಷ್ಟು ರೋವನ್‌ಗೂ ಗೊತ್ತು. ಅವನಿಗೆ ಹೇಳದೆ ಉಳಿಸಿಕೊಂಡದ್ದು ಬೇರೆ. ಆಶ್ರಮದಲ್ಲಿ ಇನ್ನೊಬ್ಬ ಮುದುಕಿ ಇದ್ದಾಳೆ. ವಿಲ್ಫ್ ದಿನವಿಡೀ ಅವಳ ಕೈ ಹಿಡಿದು ಕೂತಿರುತ್ತಾನೆ. ಅವಳನ್ನು ಮೊರೀನ್ ಎಂದು ಕರೆಯುತ್ತಾನೆ. ಅವಳೂ ಓಗೊಡುತ್ತಾಳೆ. ಮೊರೀನ್ ಹೋದರೆ ಇಬ್ಬರೂ ಮರ್ಯಾದೆಯಿಂದ, ಯಾರು ಬೇಕಿತ್ತು ಎಂದು ಕೇಳುತ್ತಾರೆ.

"ನೀವೇನು ಹೇಳ್ತೀರಿ?"

"ಬಿಸ್ಕತ್ತು ತಂದಿದ್ದೀನಿ ಅಂತೀನಿ. ಇಬ್ಬರೂ ತಿಂತಾರೆ. ಅವನು ಇಷ್ಟು ಸಂತೋಷವಾಗಿದ್ದದ್ದನ್ನ ನಾನು ನೋಡೇ ಇರಲಿಲ್ಲ ಕಂದ. ನನ್ನ ಹೆಸರು ಅಷ್ಟು ಚೆನ್ನಾಗಿ ಅವನು ಯಾವತ್ತೂ ಕರೆದಿರಲಿಲ್ಲ." ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಹಾಗಾದರೆ ಇಲ್ಲಿ ಕೂತಿರೋಳು ಯಾರು ಅಂತ ಒಂದೊಂದು ಸಲ ಅನ್ನಿಸುತ್ತೆ. ಅದನ್ನ ಆ ಹುಡುಗನಿಗೆ ಹೇಳಬೇಕು ಅಂತ ಇತ್ತು. ಧೈರ್ಯ ಬಂದಿತ್ತು. ಹಬ್ಬ ಕಳೀಲಿ, ಮುಂದಿನ ವಾರ ಹೇಳೋಣ ಅಂದ್ಕೊಂಡಿದ್ದೆ."

ಮತ್ತೆ ಹೆಸರು ಬರೆಸಬಹುದು ಎಂದು ಹೆಸ್ಲಪ್ ಹೇಳಿದ. ಸಾಲು ಉದ್ದ ಇದೆ, ಬೇಸಗೆ ಕಳೆಯಬಹುದು, ಆದರೂ ಬರೆಸಬಹುದು. ಆಕೆ ತಲೆ ಅಲ್ಲಾಡಿಸಿದಳು. ಆಕೆ ಮತ್ತೆ ಆ ಮೆಟ್ಟಿಲು ಹತ್ತಿದರೆ ಆ ಹುಡುಗನಿಗೆ ತಾನು ಸೋತೆ ಅನ್ನಿಸುತ್ತದೆ. ಸುಳ್ಳು ಬರೆದದ್ದೂ ಗೊತ್ತಾಗುತ್ತದೆ. ಅದು ಬೇಡ. ಓದಿದ ನೀನು ಬಂದಿದ್ದೀಯ, ಅವನಿಗೆ ತಿಳಿಯದ ಹಾಗೆ ನನ್ನನ್ನು ಸ್ವಲ್ಪ ವಾಸಿಯಾಗದವಳನ್ನಾಗಿ ಮಾಡು. ಅವನೇ ಕರೆಯುವ ಹಾಗೆ ಮಾಡು. ಒಂದೇ ಒಂದು ಸಲಕ್ಕೆ ಸಾಕು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಹೇಳಬಾರದ್ದನ್ನು ಹೆಸ್ಲಪ್ ಹೇಳಿಬಿಟ್ಟ. ನಿಮ್ಮ ಸೊನ್ನೆಯನ್ನು ಅಳಿಸಿದರೆ ಕೇಂದ್ರದ ಲೆಕ್ಕ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಬಿದ್ದರೆ ಆ ಕೋಣೆ ಇರುವುದಿಲ್ಲ.

ಮೊರೀನ್ ಬೆರಳಲ್ಲಿ ಮೇಜಿನ ಮೇಲಿನ ಬಿಸ್ಕತ್ತಿನ ಪುಡಿಯನ್ನು ಒಂದು ಕಡೆ ಗುಡ್ಡೆ ಮಾಡಿದಳು.

"ನಾನು ವಾಸಿ ಅಂದ್ರೆ ಅವನು ಇರ್ತಾನೆ, ನಂಗೆ ಸಿಗಲ್ಲ. ವಾಸಿ ಇಲ್ಲ ಅಂದ್ರೆ ಅವನೇ ಇರಲ್ಲ."

"ಹೆಚ್ಚುಕಮ್ಮಿ ಹಾಗೇ."

"ಒಳ್ಳೇ ಲೆಕ್ಕ ಕಣಪ್ಪ ನಿಮ್ಮದು." ಕೋಪದಿಂದ ಹೇಳಲಿಲ್ಲ. ಅವನ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿ, ಅವನನ್ನು ಓರೆಯಾಗಿ ನೋಡಿದಳು. "ನಿನ್ನ ಹತ್ರ ಯಾರು ಬಂದು ಕೇಳ್ತಾರೆ?"

"ಏನು?"

"ಹೀಗೆ. ನಿದ್ದೆ ಬರುತ್ತಾ, ಊಟ ಸೇರುತ್ತಾ ಅಂತ."

ಅವನ ಬಾಯಿ ತೆರೆಯಿತು. ಒಂದು ಗಳಿಗೆ, ಕಡಲಿನಲ್ಲಿ ಅಲೆ ಹಿಂದಕ್ಕೆ ಹೋದಾಗ ತಳದ ಕಲ್ಲು ಕಾಣುವ ಹಾಗೆ, ಎಲ್ಲ ಅಲ್ಲೇ ಇತ್ತು: ಒದ್ದೆ ಕಂಬಳಿ, ಅಲ್ಲಾಡದ ಹಿಲರಿ, ಬೆಳಗಿನ ಬೂದು ಪರದೆ. ಮಾತು ಹೊರಗೆ ಬರುವಷ್ಟರಲ್ಲಿ ಅಲೆ ಮತ್ತೆ ಮುಚ್ಚಿತ್ತು.

"ಹೆಂಡತಿ ಕೇಳ್ತಾಳೆ," ಎಂದ.

"ಹೂಂ," ಎಂದಳು ಮೊರೀನ್.

ಬಾಗಿಲ ತನಕ ಬಂದು ಅವನ ಕಾಲರನ್ನು ತಾನೇ ಎತ್ತಿ ಸರಿಮಾಡಿದಳು. ಆ ಹುಡುಗನಿಗೆ ಗೊತ್ತಾಗುವುದು ಮಾತ್ರ ಬೇಡ ಎಂದಳು. ನೋಡ್ತೀನಿ ಎಂದ ಹೆಸ್ಲಪ್. ನೋಡ್ತೀನಿ ಎಂದರೆ ಏನರ್ಥ ಎಂಬುದು ಈ ದೇಶದಲ್ಲಿ ಹುಟ್ಟಿದ ಹಸುಗೂಸಿಗೂ ಗೊತ್ತು. ಆಕೆಗೂ ಗೊತ್ತಿತ್ತು. ಥ್ಯಾಂಕ್ಸ್ ಕಂದ ಎಂದಳು.

ಮಧ್ಯಾಹ್ನ ದಂಡೆಯ ಹತ್ತಿರದ ಹೋಟೆಲಿನಲ್ಲಿ ಮಾಂಸದ ಕಡುಬು ತರಿಸಿದ. ಮೇಲೆ ನಾಲಿಗೆ ಸುಡುವಷ್ಟು ಬಿಸಿ, ನಡುವೆ ಮಂಜಿನಂತೆ ತಣ್ಣಗೆ. ಪಕ್ಕದ ಮೇಜಿನ ಮುದುಕನೊಬ್ಬ ಸೂಪನ್ನು ಮುಟ್ಟದೆ ಚಮಚ ತಿರುಗಿಸುತ್ತ ಕೂತಿದ್ದ. ಬಡಿಸುವ ಹುಡುಗಿ ಎಲ್ಲ ಸರಿಯಾಗಿದೆಯಾ ಎಂದು ಕೇಳುತ್ತ ಬಂದಳು. ಸೊಗಸಾಗಿದೆ ಎಂದ ಮುದುಕ. ಸೊಗಸಾಗಿದೆ ಎಂದ ಹೆಸ್ಲಪ್. ಆಮೇಲೆ ಸುಳ್ಳಾಗಬಾರದಲ್ಲ ಎಂದು ತಣ್ಣಗಿನ ಭಾಗವನ್ನೂ ತಿಂದ.

ತಿನ್ನುತ್ತ ಯೋಚಿಸಿದ. ನಿಜ ಬರೆಯಬಹುದು. ಒಬ್ಬಳ ಸೊನ್ನೆ ಸುಳ್ಳೆಂದಲ್ಲ. ಕೇಳುವ ರೀತಿಯೇ ತಪ್ಪೆಂದು. ನಮ್ಮ ಜನ ಎದುರಿಗಿರುವವನಿಗೆ ಚೆನ್ನಾಗಿಲ್ಲ ಎಂದು ಹೇಳುವವರಲ್ಲ, ಹೇಳಿದರೆ ತಾವೇ ಕ್ಷಮೆ ಕೇಳುವವರು ಎಂದು. ವಾಸಿಯಾದವರನ್ನು ದೂಡಬೇಡಿ, ಬಾಗಿಲು ತೆರೆದಿಡಿ ಎಂದು. ಹಾಗೆ ಬರೆದ ವರದಿಯನ್ನು ಓದುವವರು ಒಂದು ಸಾಲನ್ನು ಮಾತ್ರ ಓದುತ್ತಾರೆ: ಅಂಕ ನಂಬುವಂತಿಲ್ಲ. ಅಷ್ಟು ಸಾಕು ಅವರಿಗೆ. ಈ ಮಹಡಿಯಷ್ಟೇ ಅಲ್ಲ, ಎಷ್ಟೋ ಊರಿನ ಮಹಡಿಗಳಿಗೆ ಬೀಗ ಬೀಳುತ್ತದೆ. ಬರೆಯದಿದ್ದರೆ ಮೊರೀನ್ ತನ್ನ ಹೆಸರನ್ನು ಇನ್ನೊಬ್ಬಳಿಗೆ ಕೊಟ್ಟು, ಓಲೆ ಹಾಕಿಕೊಂಡು, ವಾಸಿಯಾಗಿ ಕೂತಿರುತ್ತಾಳೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಕಲ್ಲಿನ ಗೋಡೆಯ ಹತ್ತಿರ ಬಂದು ನಿಂತಾಗ ಫೋನು ಬಂತು. ಅವನ ಮೇಲಧಿಕಾರಿ ಜಿಲಿಯನ್. ನಾಳೆ ಬೆಳಗ್ಗೆ ಸಚಿವಾಲಯದಲ್ಲಿ ಸಭೆ. ಅವಳು ನಡೆಯುತ್ತಲೇ ಮಾತಾಡುತ್ತಿದ್ದಳು. ಬೂಟಿನ ಹಿಮ್ಮಡಿಯ ಸದ್ದು ಕೇಳಿಸುತ್ತಿತ್ತು.

"ಹೇಗಾಯ್ತು ಏಡ್ರಿಯನ್?"

"ಆಯ್ತು. ಒಂದು ವಿಷಯ ಮಾತಾಡಬೇಕಿತ್ತು."

"ದೊಡ್ಡದಾ?"

ಎದುರಿಗೆ ಸ್ವಲ್ಪ ದೂರದಲ್ಲಿ ಒಂದು ದೋಣಿ ಅಲೆಗಳ ಮೇಲೆ ಏರಿಳಿಯುತ್ತಿತ್ತು. ಅದರಿಂದ ಕೆಂಪು ಅಂಗಿಯ ಒಬ್ಬ ಮನುಷ್ಯ ನೀರಿಗೆ ಬಿದ್ದ. ಕೈಕಾಲು ಬಡಿಯಲಿಲ್ಲ. ಬಿದ್ದವನು ಬಿದ್ದ ಹಾಗೆಯೇ ತೇಲಿದ. ಹೆಸ್ಲಪ್ ಗೋಡೆಯ ಮೇಲೆ ಮುಂದಕ್ಕೆ ಬಾಗಿದ.

"ಏಡ್ರಿಯನ್? ದೊಡ್ಡದಾ ವಿಷಯ?"

"ಇಲ್ಲ. ಅಂಥ ದೊಡ್ಡದೇನಲ್ಲ."

"ಹಾಗಾದರೆ ಸ್ಟೋಬ್ಸ್ ವಾಸಿ. ಅರ್ಧ ಆಯ್ತು. ಹಾಗೇ ಹಾಕ್ಕೋತೀನಿ?"

"ಹೂಂ," ಎಂದ.

ಫೋನು ಸುಮ್ಮನಾಯಿತು. ಒಪ್ಪಿದ್ದು ತಾನೋ ತನ್ನ ನಾಲಿಗೆಯೋ ಅವನಿಗೆ ತಿಳಿಯಲಿಲ್ಲ. ಮತ್ತೆ ಕರೆಯಬಹುದು. ನಾಳೆ ಬೆಳಗ್ಗೆಯ ತನಕ ಸಮಯವಿದೆ. ಬೆರಳು ಅವಳ ಹೆಸರಿನ ಮೇಲೇ ಇತ್ತು.

ಬಿದ್ದದ್ದು ಮನುಷ್ಯನಲ್ಲ. ಊರಿನ ರಕ್ಷಣಾ ದೋಣಿಯವರು ಹೊಸಬರಿಗೆ ಅಭ್ಯಾಸ ಮಾಡಿಸುತ್ತಿದ್ದರು. ಮನುಷ್ಯನಷ್ಟೇ ತೂಕದ ಬೊಂಬೆ. ಸೀಟಿ ಊದಿದ ಮೇಲೆ ಇಬ್ಬರು ನೀರಿಗೆ ಹಾರಿ, ಅದನ್ನು ಕಂಕುಳಲ್ಲಿ ಹಿಡಿದು, ಅಲೆಯ ಜೊತೆ ಗುದ್ದಾಡಿ ದಂಡೆಗೆ ಎಳೆದು ತಂದರು. ಹೆಸ್ಲಪ್ ನಿಂತ ಗೋಡೆಯ ಕೆಳಗೇ ಮರಳಿನಲ್ಲಿ ಮಲಗಿಸಿದರು. ಒಬ್ಬ ಮಂಡಿಯೂರಿ ಅದರ ಕಿವಿಯ ಹತ್ತಿರ ಬಾಗಿದ.

"ಏನಣ್ಣಾ, ಕೇಳಿಸ್ತಿದೆಯಾ? ಆರಾಮಾ?"

ಜೊತೆಯವನು ಕಿಸಕ್ಕನೆ ನಕ್ಕ. ಸೀಟಿ ಹಿಡಿದ ಹಿರಿಯ ನಗಲಿಲ್ಲ. ಸರಿಯಾಗಿ ಕೇಳು, ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು, ಅದೂ ಅಭ್ಯಾಸದಲ್ಲಿ ಸೇರಿದೆ ಎಂದು ಗದರಿದ. ಹುಡುಗ ಮತ್ತೆ ಕೇಳಿದ. ಮೂವರೂ ಕಾದರು. ಬೊಂಬೆಯ ಬಾಯಿಂದ ನೀರು ಸುರಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಹಿರಿಯ ಹೆಬ್ಬೆರಳು ಎತ್ತಿದ. ಬದುಕಿದ ಎಂದು ಲೆಕ್ಕ. ನಾಯಿ ಕರೆದುಕೊಂಡು ಬಂದಿದ್ದ ಒಂದಿಬ್ಬರು ನಿಂತು ಚಪ್ಪಾಳೆ ತಟ್ಟಿದರು.

ಆಮೇಲೆ ಇಬ್ಬರೂ ಅದರ ಕೈ ಕಾಲು ಹಿಡಿದು ಎತ್ತಿ ದೋಣಿಗೆ ಹಾಕಿದರು. ದೋಣಿ ಮೊದಲಿಗಿಂತ ದೂರ ಹೋಯಿತು. ಬದುಕಿದವನನ್ನು ಮತ್ತೆ ನೀರಿಗೆ ನೂಕಿದರು. ಈಗ ಬೇರೆ ಇಬ್ಬರ ಸರದಿ. ಅವರು ದಂಡೆಯಲ್ಲಿ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದರು. ಕೆಂಪು ಅಂಗಿ ಮುಖ ಕೆಳಗಾಗಿ ಅಲೆಯ ಮೇಲೆ ಏರಿತು, ಇಳಿಯಿತು, ಇನ್ನಷ್ಟು ಆಚೆಗೆ ಸರಿಯಿತು.

ಫೋನು ಹಿಡಿದು ನಿಂತಿದ್ದ ಹೆಸ್ಲಪ್ ಬಿಟ್ಟರೆ ಯಾರೂ ಅತ್ತ ನೋಡಲಿಲ್ಲ. ಸೀಟಿ ಇನ್ನೂ ಊದಿರಲಿಲ್ಲ.